ಚೀನಾ ಕರಾವಳಿಯಲ್ಲಿ 9 ದಿನ: ನಾನು ಮೀನು, ಹೆಂಡತಿಗೆ ಹಂದಿ-ದನ ಬೇಡ, ಅಮ್ಮ ಪಕ್ಕಾ ಸಸ್ಯಾಹಾರಿ. ಊಟಕ್ಕೇನು ಮಾಡೋದು?

ಅಲೆಮಾರಿ88

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಕ್ಯಾಂಟನ್ ಫೇರ್ ಅನ್ನುವ ವ್ಯಾಪಾರ ಮೇಳಕ್ಕೆ ಗುವಾಂಗ್‌ಝೌಗೆ ಹೋಗುತ್ತಿದ್ದೇನೆ. ಮೊದಲ ಹಂತ 15ರಿಂದ 19ರವರೆಗೆ ಇದೆ. ನನ್ನ ಕೆಲಸ ಅಷ್ಟಕ್ಕೆ ಮುಗಿಯುತ್ತದೆ. ಆಮೇಲೆ ಹೆಂಡತಿ ಮತ್ತು ಅಮ್ಮ ಬಂದು ಸೇರಿಕೊಳ್ಳುತ್ತಾರೆ. ಗುವಾಂಗ್‌ಝೌ, ಶಾಂತೌ, ಶಿಯಾಮೆನ್, ಚುವಾನ್‌ಝೌ, ಹೀಗೆ ಕಡಲ ದಂಡೆಯಲ್ಲೇ ರೈಲಿನಲ್ಲಿ ಹೋಗೋಣ ಅಂತ ಲೆಕ್ಕ. ಒಟ್ಟು 9 ದಿನ.

ನೋಡುವ ಜಾಗಗಳ ಪಟ್ಟಿ ಎಲ್ಲಾ ಕಡೆ ಸಿಗುತ್ತದೆ, ಅದು ಬೇಡ. ತಲೆನೋವು ಊಟದ್ದು. ನಾನು ಸಮುದ್ರದಲ್ಲಿ ಈಜುವುದನ್ನೆಲ್ಲಾ ತಿನ್ನುತ್ತೇನೆ. ಹೆಂಡತಿ ಮೀನು, ಕೋಳಿ, ಮೊಟ್ಟೆ ತಿನ್ನುತ್ತಾಳೆ, ಹಂದಿ ಮತ್ತು ದನ ಬೇಡ. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ, ಈರುಳ್ಳಿ ಬೆಳ್ಳುಳ್ಳಿ ಪರವಾಗಿಲ್ಲ. ಹೋದ ಸಲ ನಾನೊಬ್ಬನೇ ಹೋಗಿದ್ದಾಗ ಐದು ದಿನ ಬಾಳೆಹಣ್ಣು, ಬ್ರೆಡ್ಡು, ಹೋಟೆಲಿನ ಬೇಯಿಸಿದ ಮೊಟ್ಟೆ, ಇಷ್ಟರಲ್ಲೇ ಕಳೆದೆ. ಬೀದಿ ತುಂಬಾ ಊಟದಂಗಡಿಗಳು, ಒಳಗೆ ಹೋಗಲು ಮಾತ್ರ ಧೈರ್ಯ ಬರಲಿಲ್ಲ. ಈ ಸಲ ಹಾಗಾಗಬಾರದು.

ಯಾವ ಊರಲ್ಲಿ ಏನು ತಿನ್ನಬೇಕು, ಅಮ್ಮನಿಗೆ ಏನು ಹೇಳಿ ತರಿಸಬೇಕು, ದುಡ್ಡು ಕೊಡುವುದು ಹೇಗೆ, ಅನುಭವ ಇದ್ದವರು ಸ್ವಲ್ಪ ಹೇಳಿ.

ಬಂಗುಡೆಪ್ರಿಯ

ಗ್ರಾನೈಟ್ ಕೆಲಸಕ್ಕೆ ಶಿಯಾಮೆನ್‌ಗೆ ಆರೇಳು ಸಲ ಹೋಗಿದ್ದೇನೆ, ಹಾಗಾಗಿ ಆ ಕಡೆಯದು ನಾನು ಹೇಳುತ್ತೇನೆ.

ಮೊದಲನೆಯದು, ನಿಮ್ಮ ಸಮಯ ಬಹಳ ಚೆನ್ನಾಗಿದೆ. ಅಲ್ಲಿ ಪ್ರತಿ ವರ್ಷ ಮೇ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾಗುತ್ತದೆ. ಗುವಾಂಗ್‌ಝೌ, ಶಾಂತೌ ಇರುವ ಗುವಾಂಗ್‌ಡಾಂಗ್ ಪ್ರಾಂತ್ಯ ಮತ್ತು ಶಿಯಾಮೆನ್, ಚುವಾನ್‌ಝೌ ಇರುವ ದಕ್ಷಿಣ ಫುಜಿಯಾನ್ ಕಡೆ ಆಗಸ್ಟ್ 16ಕ್ಕೆ ಬಿಡುತ್ತಾರೆ, ಉತ್ತರದಲ್ಲಿ ಕೆಲವು ಕಡೆ ಸೆಪ್ಟೆಂಬರ್‌ವರೆಗೂ ಇರುತ್ತದೆ. ಜೂನ್, ಜುಲೈನಲ್ಲಿ ಹೋದವರು ತಿನ್ನುವುದು ಹೆಚ್ಚಾಗಿ ಸಾಕಿದ ಮೀನು ಅಥವಾ ಐಸ್‌ನಲ್ಲಿಟ್ಟಿದ್ದು. ಅಕ್ಟೋಬರ್ ಹೊತ್ತಿಗೆ ದೋಣಿಗಳು ಎರಡು ತಿಂಗಳಿಂದ ಓಡಾಡುತ್ತಿರುತ್ತವೆ. ಜೊತೆಗೆ ಅಕ್ಟೋಬರ್ 1ರಿಂದ 7ರವರೆಗಿನ ಅವರ ದೊಡ್ಡ ರಜೆಯೂ ಮುಗಿದಿರುತ್ತದೆ. ಆ ವಾರ ಯಾವ ಊರಿನಲ್ಲೂ ಕಾಲಿಡಲು ಜಾಗ ಇರುವುದಿಲ್ಲ.

ಶಿಯಾಮೆನ್‌ನಲ್ಲಿ ಬೆಳಗ್ಗೆ ಎದ್ದು ಬಾಶಿ ಅನ್ನುವ ಮಾರ್ಕೆಟ್‌ಗೆ ಹೋಗಿ. ಎಂಟನೇ ಮಾರುಕಟ್ಟೆ ಅಂತ ಅರ್ಥ. ಹಳೇ ಊರಿನ ಗಲ್ಲಿ, ನೆಲವೆಲ್ಲಾ ಒದ್ದೆ, ಚಪ್ಪಲಿ ಹಾಕಿಕೊಂಡು ಹೋಗಬೇಡಿ. ಎರಡೂ ಕಡೆ ನೀರಿನ ಟಬ್‌ಗಳಲ್ಲಿ ಸಿಗಡಿ ಜಿಗಿಯುತ್ತಿರುತ್ತದೆ, ಏಡಿಗಳನ್ನು ದಾರದಲ್ಲಿ ಕಟ್ಟಿ ಸಾಲಾಗಿ ಕೂರಿಸಿರುತ್ತಾರೆ. ಒಬ್ಬ ಅಜ್ಜಿ ಕೂತು ಸಣ್ಣ ಚಾಕುವಿನಲ್ಲಿ ಚಿಪ್ಪಿನಿಂದ ಕಲ್ವ, ಅದೇ ಆಯ್ಸ್ಟರ್, ಬಿಡಿಸುತ್ತಿದ್ದರು. ಕೈ ನೋಡದೆಯೇ ಬಿಡಿಸುತ್ತಾರೆ, ಪಕ್ಕದವರ ಜೊತೆ ಮಾತು ನಡೆದೇ ಇರುತ್ತದೆ, ಬಟ್ಟಲು ಮಾತ್ರ ತುಂಬುತ್ತಾ ಹೋಗುತ್ತದೆ. ನಾನು ಅಲ್ಲಿ ನಿಂತು ಕಾಲು ಗಂಟೆ ಅದನ್ನೇ ನೋಡಿದೆ.

ಆ ಕಲ್ವ ಹೋಗುವುದು ಹೈಲಿಜ್ಯೆನ್ ಅನ್ನುವ ತಿಂಡಿಗೆ. ಸಣ್ಣ ಕಲ್ವ, ಗೆಣಸಿನ ಹಿಟ್ಟು, ಮೊಟ್ಟೆ, ಬೆಳ್ಳುಳ್ಳಿ ಸೊಪ್ಪು ಹಾಕಿ ಕಾವಲಿಯ ಮೇಲೆ ಹುರಿಯುತ್ತಾರೆ. ಆಮ್ಲೆಟ್ ಅಂತ ಎಲ್ಲರೂ ಬರೆಯುತ್ತಾರೆ, ಆದರೆ ಅದು ಆಮ್ಲೆಟ್ ಅಲ್ಲ, ಅಂಟಂಟಾಗಿ ಇರುತ್ತದೆ, ಮೊದಲ ತುತ್ತಿಗೆ ಬೇಯಲೇ ಇಲ್ಲವೇನೋ ಅನಿಸುತ್ತದೆ. ಅದು ಗೆಣಸಿನ ಹಿಟ್ಟಿನ ಗುಣ. ಸಿಹಿ-ಖಾರದ ಕೆಂಪು ಸಾಸ್ ಕೊಡುತ್ತಾರೆ. ಹೆಂಡತಿಯವರಿಗೆ ಒಂದು ಎಚ್ಚರಿಕೆ: ಬಹಳ ಕಡೆ ಹಂದಿ ಕೊಬ್ಬಿನಲ್ಲೇ ಹುರಿಯುತ್ತಾರೆ. ಕೇಳಿಕೊಳ್ಳಿ.

ಇನ್ನೊಂದು ಶಾಛಾ ಮ್ಯೆನ್. ಶಿಯಾಮೆನ್ ಅಂದರೆ ಇದೇ. ಆಗ್ನೇಯ ಏಷ್ಯಾಕ್ಕೆ ದುಡಿಯಲು ಹೋದ ಈ ಊರಿನವರು ಅಲ್ಲಿಂದ ಸಾಟೇ ಅನ್ನುವ ಕಡಲೆಕಾಯಿ ಮಸಾಲೆ ತಂದರು, ಇಲ್ಲಿ ಅದು ಶಾಛಾ ಆಯಿತು. ಕಡಲೆಕಾಯಿ, ಒಣ ಸಿಗಡಿ, ಬೆಳ್ಳುಳ್ಳಿ, ಮೆಣಸಿನಕಾಯಿ ಎಲ್ಲಾ ಸೇರಿ ಗಟ್ಟಿ ಕಿತ್ತಳೆ ಬಣ್ಣದ ಸಾರು. ಅದರಲ್ಲಿ ಹಳದಿ ನೂಡಲ್ಸ್. ಅಂಗಡಿಯ ಮುಂದೆ ಬಟ್ಟಲುಗಳಲ್ಲಿ ಸ್ಕ್ವಿಡ್, ಸಿಗಡಿ, ಕಲ್ವ, ಹುರಿದ ತೋಫು, ಹಂದಿ ಕರುಳು, ಲಿವರ್ ಎಲ್ಲಾ ಇಟ್ಟಿರುತ್ತಾರೆ. ನೀವು ಬೆರಳು ತೋರಿಸಿದ್ದು ಬಟ್ಟಲಿಗೆ ಬೀಳುತ್ತದೆ, ಪ್ರತಿಯೊಂದಕ್ಕೂ ಬೇರೆ ರೇಟು. ಭಾಷೆಯೇ ಬೇಕಾಗಿಲ್ಲ. ನನ್ನ ಹಾಗೆ ಆಸೆಬಿದ್ದು ಆರು ಬಗೆ ತೋರಿಸಿದರೆ ಬಟ್ಟಲಿನಲ್ಲಿ ನೂಡಲ್ಸ್ ಕಾಣುವುದಿಲ್ಲ, ಬಿಲ್ಲು ಮಾತ್ರ ಚೆನ್ನಾಗಿ ಕಾಣುತ್ತದೆ. ಸಾರಿಗೆ ಸಾಮಾನ್ಯವಾಗಿ ಹಂದಿ ಮೂಳೆ ಹಾಕಿರುತ್ತಾರೆ, ಇದೂ ಹೆಂಡತಿಯವರ ಗಮನಕ್ಕೆ.

ಅವರಿಗೆ ಹೇಳಿಮಾಡಿಸಿದ್ದು ಜ್ಯಾಂಗ್‌ಮು ಯಾ. ಜ್ಯಾಂಗ್‌ಮು ಅಂದರೆ ಬಲಿತ ಶುಂಠಿ, ಯಾ ಅಂದರೆ ಬಾತುಕೋಳಿ. ಮಣ್ಣಿನ ಮಡಕೆಯಲ್ಲಿ ಶುಂಠಿ ಹೋಳುಗಳ ಮೇಲೆ ಬಾತುಕೋಳಿ ಇಟ್ಟು ಎಳ್ಳೆಣ್ಣೆಯಲ್ಲಿ ನಿಧಾನಕ್ಕೆ ಬೇಯಿಸುತ್ತಾರೆ. ಬೀದಿಯಲ್ಲಿ ಸಾಲಾಗಿ ಮಡಕೆಗಳು ಕುದಿಯುತ್ತಿರುತ್ತವೆ, ವಾಸನೆ ಹಿಡಿದುಕೊಂಡೇ ಅಂಗಡಿ ಹುಡುಕಬಹುದು.

ತುಸುನ್‌ದೊಂಗ್ ಅಂತ ಒಂದಿದೆ, ಪಾರದರ್ಶಕ ಜೆಲ್ಲಿ, ಒಳಗೆ ಬೂದು ಬಣ್ಣದ ಏನೋ ಇರುತ್ತದೆ. ಅದು ಕಡಲ ಕೆಸರಿನ ಹುಳು. ಬೇಯಿಸಿದ ನೀರು ತಣ್ಣಗಾದರೆ ತಾನೇ ಹೆಪ್ಪುಗಟ್ಟುತ್ತದೆ, ಬೇರೆ ಏನೂ ಸೇರಿಸುವುದಿಲ್ಲ. ವಿನೆಗರ್, ಬೆಳ್ಳುಳ್ಳಿ, ಸಾಸಿವೆ ಸಾಸ್ ಜೊತೆ ತಿನ್ನುತ್ತಾರೆ. ನನಗೆ ಇಷ್ಟ. ಅಮ್ಮನ ಎದುರಿಗೆ ಮಾತ್ರ ತಿನ್ನಬೇಡಿ.

ಸೊಪ್ಪುಸಾರು

ಅಮ್ಮನವರ ವಿಷಯ ನಾನು ಹೇಳುತ್ತೇನೆ. ನಾನೂ ಸಸ್ಯಾಹಾರಿ, ಯಜಮಾನರ ಕೆಲಸದಿಂದಾಗಿ ಗುವಾಂಗ್‌ಝೌನಲ್ಲಿ ಮೂರು ವರ್ಷ ಇದ್ದೆ. ಉಪವಾಸ ಬೀಳಲಿಲ್ಲ, ಆದರೆ ಮೊದಲ ಎರಡು ತಿಂಗಳು ನನಗೆ ಗೊತ್ತಿಲ್ಲದೆ ಏನೇನು ತಿಂದೆ ಅಂತ ಈಗಲೂ ಯೋಚಿಸಲು ಹೋಗುವುದಿಲ್ಲ.

ಎಲ್ಲರೂ ಮಾಡುವ ತಪ್ಪು ಏನೆಂದರೆ "ಮಾಂಸ ಬೇಡ" ಅಂತ ಹೇಳುವುದು. ಚೀನೀ ಭಾಷೆಯಲ್ಲಿ ರೋ ಅಂದರೆ ಮಾಂಸ ಹೌದು, ಆದರೆ ಸುಮ್ನೆ ರೋ ಅಂದರೆ ಅವರ ತಲೆಯಲ್ಲಿ ಹಂದಿಮಾಂಸ. ಹಂದಿ ಬೇಡ ಅಂದಿದ್ದೀರಿ ಅಂತ ಅವರು ಪ್ರೀತಿಯಿಂದ ಸಿಗಡಿ ಹಾಕಿ ಕೊಡುತ್ತಾರೆ. ಅವರ ತಪ್ಪಲ್ಲ. ಹೇಳಬೇಕಾಗಿದ್ದು "ವೋ ಛ್ ಸು", ನಾನು ಸು ತಿನ್ನುತ್ತೇನೆ ಅಂತ. ಸು ಅನ್ನುವುದು ಬೌದ್ಧ ದೇವಸ್ಥಾನದ ಊಟದ ಮಾತು, ಅದು ಹೇಳಿದರೆ ಅಜ್ಜ-ಅಜ್ಜಿಯರಿಗೆ ತಕ್ಷಣ ಅರ್ಥವಾಗುತ್ತದೆ. ಹಬ್ಬಕ್ಕೋ, ಚಾಂದ್ರಮಾನದ ತಿಂಗಳ 1 ಮತ್ತು 15ನೇ ದಿನಕ್ಕೋ ಅಲ್ಲಿನವರೂ ಸು ತಿನ್ನುವುದುಂಟು.

ಅದಾದ ಮೇಲೂ ಮೂರು ಬೇಡಗಳನ್ನು ಹೇಳಲೇಬೇಕು. ಬು ಯಾವ್ ಝು ಯೋ, ಹಂದಿ ಕೊಬ್ಬು ಬೇಡ. ಬು ಯಾವ್ ಯು ಲು, ಮೀನಿನ ಸಾಸ್ ಬೇಡ. ಬು ಯಾವ್ ಶ್ಯಾ ಫಿ, ಒಣ ಸಿಗಡಿ ಬೇಡ. ಕರಾವಳಿಯ ಅಡುಗೆಮನೆಯಲ್ಲಿ ಈ ಮೂರು ನಮ್ಮ ಒಗ್ಗರಣೆ ಇದ್ದ ಹಾಗೆ, ಕೈ ತಾನಾಗೇ ಹೋಗುತ್ತದೆ. ಬರೀ ಸೊಪ್ಪಿನ ಪಲ್ಯ ತರಿಸಿದರೂ ಅದನ್ನು ಹುರಿದಿದ್ದು ಹಂದಿ ಕೊಬ್ಬಿನಲ್ಲಿ ಆಗಿರಬಹುದು. ಉಚ್ಚಾರಣೆಯನ್ನು ನಂಬಿಕೊಳ್ಳಬೇಡಿ, ಇದೆಲ್ಲವನ್ನೂ ಚೀನೀ ಅಕ್ಷರದಲ್ಲಿ ಬರೆಸಿ ಫೋಟೋ ಮಾಡಿ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಒಂದು ಕಾಗದದಲ್ಲಿ ಅಮ್ಮನ ಪರ್ಸಿನಲ್ಲೂ ಇರಲಿ. ನನ್ನ ಕಾಗದವನ್ನು ಒಬ್ಬ ಅಡುಗೆಯವರು ಒಳಗೆ ಗೋಡೆಗೆ ಅಂಟಿಸಿಕೊಂಡಿದ್ದರು, ನಾನು ವಾರಕ್ಕೆರಡು ಸಲ ಹೋಗುತ್ತಿದ್ದ ಜಾಗ ಅದು.

ಯಾವ ಸಾಮಾನ್ಯ ಊಟದಂಗಡಿಯಲ್ಲೂ ಸಿಗುವುದು: ಛಿಂಗ್ ಛಾವ್ ಅಂದರೆ ಸುಮ್ನೆ ಹುರಿದ ಸೊಪ್ಪು. ಸ್ವಾನ್ ಲಾ ತು ದೌ ಸಿ ಅಂದರೆ ಆಲೂಗಡ್ಡೆಯನ್ನು ದಾರದ ಹಾಗೆ ಹೆಚ್ಚಿ ಹುಳಿ-ಖಾರ ಹಾಕಿ ಹುರಿದದ್ದು, ಅನ್ನಕ್ಕೆ ಬಹಳ ಚೆನ್ನಾಗಿರುತ್ತದೆ. ದಿ ಸಾನ್ ಶ್ಯೆನ್, ಬದನೆ, ಆಲೂ, ದಪ್ಪ ಮೆಣಸಿನಕಾಯಿ. ಹೆಂಡತಿಯವರಿಗೆ ಟೊಮೇಟೊ-ಮೊಟ್ಟೆ ಪಲ್ಯ ಎಲ್ಲೆಲ್ಲೂ ಇದೆ. ಮಾಪೋ ತೋಫು ನೋಡಿ ಖುಷಿಪಡಬೇಡಿ, ಅದರಲ್ಲಿ ಕೊಚ್ಚಿದ ಮಾಂಸ ಇರುತ್ತದೆ.

ಗುವಾಂಗ್‌ಝೌನ ಬೆಳಗಿನ ಚಹಾ, ಅದೇ ಚಹಾ ಜೊತೆ ಸಣ್ಣ ಸಣ್ಣ ತಿಂಡಿ ತಿನ್ನುವ ಡಿಮ್‌ಸಮ್, ಅಮ್ಮನಿಗೂ ಸೇರುತ್ತದೆ, ಆದರೆ ಹುಷಾರಿ. ಮೂಲಂಗಿ ಕೇಕು ಅಂತ ಹೆಸರು ನೋಡಿ ನಾನು ತರಿಸಿದ್ದೆ. ಒಳಗೆ ಸಾಸೇಜ್ ಚೂರು, ಒಣ ಸಿಗಡಿ. ಹೆಂಡತಿಯವರೂ ನೋಡಿಕೊಳ್ಳಲಿ, ಹಾರ್ ಗೌ ಅನ್ನುವ ಸಿಗಡಿ ಕಡುಬಿಗೂ ಮೆತ್ತಗಾಗಲಿ ಅಂತ ಸ್ವಲ್ಪ ಹಂದಿ ಕೊಬ್ಬು ಸೇರಿಸುವುದು ಮಾಮೂಲು. ಅಮ್ಮನಿಗೆ ಝಾಯ್ ಛಾಂಗ್ ತರಿಸಿ. ಅಕ್ಕಿ ಹಿಟ್ಟನ್ನು ತೆಳ್ಳಗೆ ಹಬೆಯಲ್ಲಿ ಬೇಯಿಸಿ ಸುತ್ತಿಟ್ಟಿರುತ್ತಾರೆ, ಒಳಗೆ ಏನೂ ಇರುವುದಿಲ್ಲ, ಮೇಲೆ ಸೋಯಾ ಸಾಸ್. ನೀರುದೋಸೆ ತಿಂದವರಿಗೆ ಇದು ಹೊಸತೇ ಅಲ್ಲ.

ಇನ್ನೊಂದನ್ನು ಬಿಡಲೇಬೇಡಿ. ಗುವಾಂಗ್‌ಝೌನ ಪಾನ್‌ಯು ಕಡೆ ಶಾವಾನ್ ಅಂತ ಹಳೇ ಊರಿದೆ, ಅಲ್ಲಿಯದು ಶುಂಠಿ ಹಾಲು. ಬಟ್ಟಲಿನ ತಳದಲ್ಲಿ ಎರಡು ಚಮಚ ಶುಂಠಿ ರಸ. ಅದರ ಮೇಲೆ ಬಿಸಿ ಎಮ್ಮೆ ಹಾಲನ್ನು ಸ್ವಲ್ಪ ಎತ್ತರದಿಂದ ಒಮ್ಮೆಲೇ ಸುರಿಯುತ್ತಾರೆ. ಅಲ್ಲಾಡಿಸಬಾರದು. ಕೆಲವೇ ನಿಮಿಷದಲ್ಲಿ ಗಿಣ್ಣಿನ ಹಾಗೆ ಗಟ್ಟಿಯಾಗುತ್ತದೆ, ಮೇಲೆ ಚಮಚ ಇಟ್ಟರೆ ಮುಳುಗುವುದಿಲ್ಲ. ಶುಂಠಿಯಲ್ಲಿರುವ ಕಿಣ್ವದಿಂದಲೇ ಹಾಲು ಹೆಪ್ಪುಗಟ್ಟುವುದು, ಮೊಟ್ಟೆ ಇಲ್ಲ, ಜೆಲಾಟಿನ್ ಇಲ್ಲ. ಹಾಲು ಜಾಸ್ತಿ ಬಿಸಿಯಾದರೂ ಕೂಡುವುದಿಲ್ಲ, ಆರಿದರೂ ಕೂಡುವುದಿಲ್ಲ. ಮನೆಗೆ ಬಂದು ನಾನು ನಾಲ್ಕು ಸಲ ಮಾಡಿ ಕೆಡಿಸಿದ್ದೇನೆ. ಅದೇ ಅಂಗಡಿಗಳಲ್ಲಿ ಇನ್ನೊಂದು ಬಿಳಿ ಪುಡಿಂಗ್ ಇರುತ್ತದೆ, ಶ್ವಾಂಗ್ ಫಿ ನಾಯ್, ನೋಡಲು ಎರಡೂ ಒಂದೇ ಥರ. ಅದಕ್ಕೆ ಮೊಟ್ಟೆಯ ಬಿಳಿ ಹಾಕುತ್ತಾರೆ. ಅಮ್ಮನಿಗೆ ಅದು ಬೇಡ.

ಶಿಯಾಮೆನ್‌ನಲ್ಲಿ ನಾನ್‌ಫುತುವೊ ದೇವಸ್ಥಾನದ ಊಟ ಪ್ರಸಿದ್ಧ, ವಿಶ್ವವಿದ್ಯಾಲಯದ ಪಕ್ಕದಲ್ಲೇ ಇದೆ. ಅಲ್ಲಿ ಬೌದ್ಧರ ಪದ್ಧತಿ, ಈರುಳ್ಳಿ ಬೆಳ್ಳುಳ್ಳಿ ಕೂಡ ಇಲ್ಲ. ಅಲ್ಲಿ ಒಂದು ಸೂಪಿನ ಹೆಸರು "ಅರ್ಧ ಚಂದ್ರ ನದಿಯಲ್ಲಿ ಮುಳುಗಿತು". ಬಟ್ಟಲಿನ ಅರ್ಧಕ್ಕೆ ಕಪ್ಪು ಅಣಬೆ, ಅರ್ಧಕ್ಕೆ ಗೋಧಿಯ ಅಂಟಿನಿಂದ ಮಾಡಿದ ಉಂಡೆ, ತಿಳಿ ಸಾರಿನಲ್ಲಿ. ಹೆಸರಿಟ್ಟಿದ್ದು ಕವಿ ಗುವೊ ಮೊರುವೊ. ಒಂದು ಮಾತು ಮೊದಲೇ ಹೇಳಿಬಿಡಿ ಅಮ್ಮನಿಗೆ: ಇಂಥ ಕಡೆ ತೋಫು, ಸೋಯಾದಿಂದಲೇ ಮೀನಿನ ಆಕಾರ, ಬಾತುಕೋಳಿ ಆಕಾರ ಮಾಡಿ ತಂದಿಡುತ್ತಾರೆ. ನನ್ನ ಅತ್ತೆ ಒಂದು ಸಲ ತಟ್ಟೆ ನೋಡಿ ಎದ್ದು ಹೊರಗೇ ಹೋಗಿಬಿಟ್ಟರು. ಅದು ಸೋಯಾ ಅಂತ ನಂಬಿಸುವಷ್ಟರಲ್ಲಿ ಊಟ ಆರಿತ್ತು.

ಅಲೆಮಾರಿ88

ಸೊಪ್ಪುಸಾರು ಮೇಡಂ, ನಿಮಗೆ ದೊಡ್ಡ ನಮಸ್ಕಾರ. ಇದನ್ನು ಅಮ್ಮನಿಗೆ ಓದಿ ಹೇಳಿದೆ. ಗಿಣ್ಣು ಅಂದ ತಕ್ಷಣ ಮುಖ ಅರಳಿತು, ಸೋಯಾ ಬಾತುಕೋಳಿಗೆ ಮತ್ತೆ ಮುದುಡಿತು.

ಬಂಗುಡೆಪ್ರಿಯ ಸರ್, ಹೆದರಿಸಬೇಡಿ ಆ ಹುಳು ಹೇಳಿ. ಮೀನಿನ ರೇಟು ಹೇಗೆ ತಿಳಿದುಕೊಳ್ಳುವುದು? ಟ್ಯಾಂಕಿನಲ್ಲಿ ತೋರಿಸಿ ಆರಿಸುವ ಕಡೆ ಮೋಸ ಮಾಡುತ್ತಾರೆ ಅಂತ ಕೇಳಿದ್ದೇನೆ.

ಲೆಕ್ಕದ ಮನುಷ್ಯ

ಮಾಡುತ್ತಾರೆ. ನನಗೇ ಮಾಡಿದ್ದಾರೆ, ಅರ್ಧ ನನ್ನ ದಡ್ಡತನ.

ಒಂದು ಬೀಚಿನ ಊಟದಂಗಡಿ, ಊರು ಬೇಡ. ಟ್ಯಾಂಕಿನಲ್ಲಿ ಮಾಂಟಿಸ್ ಸಿಗಡಿ ಇತ್ತು, ಮೇಲೆ 28 ಅಂತ ಬೋರ್ಡು. ಚೀನಾದಲ್ಲಿ ಮೀನು ತೂಗುವುದು ಜಿನ್ ಲೆಕ್ಕದಲ್ಲಿ, 1 ಜಿನ್ ಅಂದರೆ 500 ಗ್ರಾಂ. ಇಷ್ಟು ಗೊತ್ತಿತ್ತು, ಹಾಗಾಗಿ ಬುದ್ಧಿವಂತ ಅಂದುಕೊಂಡೆ. 900 ಗ್ರಾಂ ತೂಗಿದರು, ಐವತ್ತು ಯುವಾನ್ ಆಗಬಹುದು ಅಂದುಕೊಂಡು ಕೂತೆ. ಬಿಲ್ಲು ಬಂತು 504. ಬೋರ್ಡಿನಲ್ಲಿ 28ರ ಪಕ್ಕ ಇದ್ದ ಅಕ್ಷರ ಜಿನ್ ಅಲ್ಲ, ಲ್ಯಾಂಗ್. 1 ಲ್ಯಾಂಗ್ ಅಂದರೆ 50 ಗ್ರಾಂ. ಜಗಳ ಮಾಡಲು ನನ್ನ ಹತ್ತಿರ ಭಾಷೆ ಇರಲಿಲ್ಲ, ಅವರ ಹತ್ತಿರ ಬೋರ್ಡು ಇತ್ತು. ಅದೂ ಸಾಲದು ಅಂತ ತೂಗುವಾಗ ಚೀಲದಲ್ಲಿ ಅರ್ಧ ನೀರಿತ್ತು. ತಿನ್ನಲು ಕೂತಾಗಲೇ ಅದು ನೆನಪಾಗಿದ್ದು.

ಈ ಥರದ್ದು ಅಲ್ಲಿನವರಿಗೂ ಆಗಿದೆ. 2015ರ ಅಕ್ಟೋಬರ್‌ನಲ್ಲಿ ಚಿಂಗ್ಡಾವೊದಲ್ಲಿ ಒಬ್ಬ ಪ್ರವಾಸಿ ಒಂದು ತಟ್ಟೆ ಸಿಗಡಿಗೆ 38 ಯುವಾನ್ ಅಂದುಕೊಂಡು ತಿಂದ. ಆಮೇಲೆ ಅಂಗಡಿಯವನು ತಟ್ಟೆಗಲ್ಲ, ಒಂದೊಂದು ಸಿಗಡಿಗೆ 38 ಅಂದ. ದೇಶವೆಲ್ಲಾ ಸುದ್ದಿಯಾಯಿತು, ಅಂಗಡಿಗೆ ದಂಡ ಬಿತ್ತು.

ಹಾಗಾಗಿ ಮೊದಲು ಕೇಳಿ: ದ್ವೋ ಶಾವ್ ಛ್ಯೆನ್ ಯಿ ಜಿನ್? ಜಿನ್‌ಗೆ ಎಷ್ಟು? ಅವರು ಹೇಳಿದ್ದನ್ನು ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ ಒತ್ತಿಸಿ. ಚೀಲದ ನೀರು ಚೆಲ್ಲಿಸಿ, ನಿಮ್ಮ ಕಣ್ಣೆದುರಿಗೆ ತೂಗಿಸಿ, ಒಟ್ಟು ಎಷ್ಟಾಯಿತು ಅಂತ ಅಡುಗೆಮನೆಗೆ ಹೋಗುವ ಮೊದಲೇ ಬರೆಸಿಕೊಳ್ಳಿ. ಮೆನುವಿನಲ್ಲಿ "ಇವತ್ತಿನ ರೇಟು" ಅಂತ ಇದ್ದರೆ ಅದಕ್ಕೂ ಇದೇ. ಮಾರ್ಕೆಟ್‌ನಲ್ಲಿ ನೀವೇ ಮೀನು ಕೊಂಡು ಪಕ್ಕದ ಅಂಗಡಿಗೆ ಕೊಟ್ಟರೆ ಅಡುಗೆ ಮಾಡಿಕೊಡುತ್ತಾರೆ. ಗುವಾಂಗ್‌ಝೌನ ಮೀನು ಮಾರ್ಕೆಟ್ ಕಡೆ ಇದು ದಿನನಿತ್ಯದ ವ್ಯವಹಾರ. ಅಡುಗೆ ಕೂಲಿ ಬೇರೆ, ಅದನ್ನೂ ಮೊದಲೇ ಕೇಳಿ. ನಿಜವಾಗಿ ಮೋಸ ಅನಿಸಿದರೆ 12315 ಗ್ರಾಹಕರ ದೂರಿನ ನಂಬರ್. ಫೋನಿನಲ್ಲಿ ಅದನ್ನು ಒತ್ತಿ ಮಾಲೀಕನಿಗೆ ತೋರಿಸಿದರೇ ಎಷ್ಟೋ ಸಲ ಮಾತು ಮೆತ್ತಗಾಗುತ್ತದೆ.

ದುಡ್ಡಿನ ವಿಷಯ. ಅಲ್ಲಿ ಮೊಬೈಲಿನಿಂದ ದುಡ್ಡು ಕೊಡುವ ಆಪ್‌ಗಳಾದ ಅಲಿಪೇ ಅಥವಾ ವೀಚಾಟ್‌ಗೆ ನಿಮ್ಮ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಇಲ್ಲಿಂದಲೇ ಸೇರಿಸಿಕೊಂಡು ಹೋಗಿ, ಪಾಸ್‌ಪೋರ್ಟ್ ಕೊಟ್ಟು ದೃಢೀಕರಣವನ್ನೂ ಮುಗಿಸಿ. ಕಾರ್ಡಿನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆನ್ ಇರಲಿ. 200 ಯುವಾನ್ ಒಳಗಿನ ಬಿಲ್ಲಿಗೆ ಸಾಮಾನ್ಯವಾಗಿ ಶುಲ್ಕ ಇಲ್ಲ, ಅದರ ಮೇಲೆ 3% ಹಿಡಿಯುತ್ತಾರೆ. ನಮ್ಮ ಬ್ಯಾಂಕಿನವರು ಹಿಡಿಯುವುದು ಬೇರೆ. ನೋಟು ಕೊಟ್ಟರೂ ತೆಗೆದುಕೊಳ್ಳಲೇಬೇಕು ಅಂತ ಕಾನೂನಿದೆ, ಆದರೆ ಚಿಲ್ಲರೆ ಇರುವುದಿಲ್ಲ, ಸಣ್ಣ ನೋಟು ಇಟ್ಟುಕೊಳ್ಳಿ. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ನಾನು ಐದು ಯುವಾನ್ ಬಿಟ್ಟು ಬಂದೆ ಅಂತ ಒಬ್ಬ ಹುಡುಗಿ ರಸ್ತೆಯವರೆಗೆ ಓಡಿ ಬಂದು ವಾಪಸ್ ಕೊಟ್ಟಳು. ಅದೇ ವಾರ ಇನ್ನೊಂದು ಕಡೆ 504 ಕಿತ್ತುಕೊಂಡರು. ಎರಡೂ ಅದೇ ದೇಶ.

ಉಪ್ಪುಗಾಳಿ

ಯಾರೂ ಶಾಂತೌ ಬಗ್ಗೆ ಬರೆದಿಲ್ಲವಲ್ಲ! ಮೆಡಿಕಲ್ ಓದುವಾಗ ಆ ಕಡೆ ಇದ್ದೆ. ನನ್ನ ಪ್ರಕಾರ ಇಡೀ ದಂಡೆಯಲ್ಲಿ ಊಟಕ್ಕೆ ಅದೇ ಮೊದಲು. ಪಕ್ಕದ ಚಾವೋಝೌಗೆ 2023ರಲ್ಲಿ ಯುನೆಸ್ಕೊದ ಊಟೋಪಚಾರದ ನಗರ ಅನ್ನುವ ಪಟ್ಟವೂ ಸಿಕ್ಕಿದೆ.

ದನ ಬೇಡ ಅಂದಿದ್ದೀರಿ, ಹಾಗಾಗಿ ದನದ ಮಾಂಸವನ್ನು ಕುದಿಯುವ ಸಾರಿನಲ್ಲಿ ಅದ್ದಿ ತಿನ್ನುವ ಅಲ್ಲಿನ ಹಾಟ್‌ಪಾಟ್ ನಿಮ್ಮ ಪಾಲಿಗಿಲ್ಲ. ಹೋಗಲಿ ಬಿಡಿ. ಅಲ್ಲಿನ ಗಂಜಿ ಅಂಗಡಿಗೆ ಹೋಗಿ. ರಾತ್ರಿ ಹೊತ್ತಿಗೆ ಜಾಸ್ತಿ. ಬಿಳಿ ಗಂಜಿ, ಅಗುಳು ಅಗುಳಾಗಿ ಇರುತ್ತದೆ, ಪಾಯಸದ ಹಾಗೆ ಕಲಸಿಹೋಗಿರುವುದಿಲ್ಲ. ಜೊತೆಗೆ ನಂಜಿಕೊಳ್ಳಲು ಮೂವತ್ತು-ನಲವತ್ತು ಬಗೆಯನ್ನು ಟ್ರೇಗಳಲ್ಲಿ ಜೋಡಿಸಿಟ್ಟಿರುತ್ತಾರೆ. ಉಪ್ಪು ಹಾಕಿದ ಮೂಲಂಗಿ, ಹುಳಿ ಬಂದ ಸಾಸಿವೆ ಸೊಪ್ಪು, ಕಡಲೆಕಾಯಿ, ತೋಫು, ಆಮೇಲೆ ಗಾನ್‌ಲಾನ್ ಛಾಯ್ ಅಂತ ಕಪ್ಪಗೆ ಎಣ್ಣೆಯಲ್ಲಿ ಮುಳುಗಿರುವ ಆಲಿವ್ ಮತ್ತು ಸಾಸಿವೆ ಸೊಪ್ಪಿನ ಉಪ್ಪಿನಕಾಯಿ. ನಿಮ್ಮ ಅಮ್ಮ ಇದರಲ್ಲೇ ಮೂರು ದಿನ ಇರಬಹುದು. ಮೂಲಂಗಿಯನ್ನು ಮೊಟ್ಟೆ ಹಾಕಿ ಹುರಿದದ್ದೂ ಇರುತ್ತದೆ, ಅದೊಂದು ನೋಡಿಕೊಳ್ಳಿ. ಅಂದಹಾಗೆ ಇಂಗ್ಲಿಷಿನವರು ಈ ಚೀನೀ ಗಂಜಿಗೆ ಕಾಂಜಿ ಅನ್ನುತ್ತಾರಲ್ಲ, ಆ ಪದ ಹೋಗಿದ್ದು ನಮ್ಮ ದಕ್ಷಿಣದ ಕಂಜಿ-ಗಂಜಿಯಿಂದಲೇ, ಪೋರ್ಚುಗೀಸರ ಮೂಲಕ. ಅದಕ್ಕೆ ಬದಲಾಗಿ ಅವರಿಂದ ಬಂದದ್ದು ಟೀ. ಈ ದಂಡೆಯ ಮಿನ್ನಾನ್ ಮಾತಿನಲ್ಲಿ ಚಹಾಕ್ಕೆ ತೇ ಅನ್ನುತ್ತಾರೆ, ಹಡಗಿನಲ್ಲಿ ಹೋಗಿ ಟೀ ಆಯಿತು. ಉಳಿದ ಚೀನಾದವರ ಛಾ ನಮ್ಮಲ್ಲಿ ಚಹಾ. ನಾವು ಎರಡನ್ನೂ ಇಟ್ಟುಕೊಂಡಿದ್ದೇವೆ.

ನಿಮಗೂ ಹೆಂಡತಿಯವರಿಗೂ ಅದೇ ಅಂಗಡಿಯಲ್ಲಿ ಯು ಫಾನ್. ಪದಕ್ಕೆ ಪದ ಇಟ್ಟರೆ ಮೀನನ್ನ, ಆದರೆ ಅನ್ನ ಇರುವುದಿಲ್ಲ. ಮೀನುಗಳನ್ನು ಸಣ್ಣ ಬಿದಿರಿನ ಬುಟ್ಟಿಯಲ್ಲಿ ಜೋಡಿಸಿ ಬುಟ್ಟಿ ಸಮೇತ ಉಪ್ಪು ನೀರಿನಲ್ಲಿ ಬೇಯಿಸಿ ಆರಲು ಬಿಡುತ್ತಾರೆ. ಹಿಂದೆ ಅಕ್ಕಿ ಇಲ್ಲದ ಬೆಸ್ತರು ಅನ್ನದ ಬದಲು ಮೀನನ್ನೇ ತಿನ್ನುತ್ತಿದ್ದರು, ಅದಕ್ಕೆ ಆ ಹೆಸರು ಅನ್ನುತ್ತಾರೆ. ತಣ್ಣಗೇ ತಿನ್ನುವುದು, ಹಳದಿ ಸೋಯಾಕಾಳಿನ ಸಾಸ್‌ನಲ್ಲಿ ಅದ್ದಿಕೊಂಡು. ಎಣ್ಣೆ ಇಲ್ಲ, ಮಸಾಲೆ ಇಲ್ಲ, ಹಂದಿ ಕೊಬ್ಬಿನ ಭಯವೂ ಇಲ್ಲ. ಮೀನು ತಾಜಾ ಇಲ್ಲದಿದ್ದರೆ ಮೊದಲ ತುತ್ತಿಗೇ ಗೊತ್ತಾಗಿಬಿಡುತ್ತದೆ.

ಕಲ್ವದ ತಿಂಡಿ ಇಲ್ಲೂ ಇದೆ, ಹಾವ್ ಲಾವ್ ಅಂತ. ಗರಿಗರಿ, ಮೀನಿನ ಸಾಸ್ ಜೊತೆ. ಬಂಗುಡೆಪ್ರಿಯ ಅವರೇ, ಕ್ಷಮಿಸಿ, ನಿಮ್ಮ ಶಿಯಾಮೆನ್‌ನದಕ್ಕಿಂತ ಇದೇ ಮೇಲು.

ಧೈರ್ಯ ಇದ್ದರೆ ಷಂಗ್ ಯೆನ್ ತಿನ್ನಿ. ಹಸಿ ಏಡಿ, ಹಸಿ ಸಿಗಡಿಯನ್ನು ಸೋಯಾ, ಬೆಳ್ಳುಳ್ಳಿ, ಕೊತ್ತಂಬರಿ, ಮೆಣಸಿನಕಾಯಿಯಲ್ಲಿ ನೆನೆಸಿಟ್ಟದ್ದು. ಒಳಗಿನ ಮಾಂಸ ಐಸ್‌ಕ್ರೀಮ್ ಥರ ಇರುತ್ತದೆ. ಒಂದು ಸಲ ರುಚಿ ಹತ್ತಿದರೆ ಬಿಡಲಾಗುವುದಿಲ್ಲ ಅಂತ ಅಲ್ಲಿ ಅದಕ್ಕೆ ವಿಷ ಅಂತಲೇ ತಮಾಷೆಗೆ ಕರೆಯುತ್ತಾರೆ.

ಬಂಗುಡೆಪ್ರಿಯ

ಡಾಕ್ಟ್ರೇ, ಹಾವ್ ಲಾವ್ ವಿಷಯಕ್ಕೆ ಜಗಳ ಬೇಡ, ಗರಿಗರಿ ಬೇಕಾದವರು ಹಪ್ಪಳ ತಿನ್ನಲಿ.

ಆದರೆ ಷಂಗ್ ಯೆನ್‌ಗೆ ನಾನು ಒಪ್ಪುವುದಿಲ್ಲ. ಸೋಯಾ, ಮದ್ಯ, ಬೆಳ್ಳುಳ್ಳಿ ಯಾವುದೂ ಏಡಿಯಲ್ಲಿರುವ ಬ್ಯಾಕ್ಟೀರಿಯಾ, ಪರೋಪಜೀವಿಗಳನ್ನು ಪೂರ್ತಿ ಕೊಲ್ಲುವುದಿಲ್ಲ, ಇದು ನಿಮಗೇ ನನಗಿಂತ ಚೆನ್ನಾಗಿ ಗೊತ್ತು. ಊರಿನವರು ಹುಟ್ಟಿದಾಗಿನಿಂದ ತಿನ್ನುತ್ತಾರೆ, ಅಂಗಡಿ ಯಾವುದು ಅಂತ ಅವರಿಗೆ ಗೊತ್ತು. 9 ದಿನದ ಪ್ರವಾಸದಲ್ಲಿ, ವಯಸ್ಸಾದ ಅಮ್ಮನ ಜೊತೆ, ಎರಡು ದಿನ ಬಾತ್‌ರೂಮಿನಲ್ಲಿ ಕಳೆಯುವುದು ಯಾಕೆ? ನನ್ನ ಜೊತೆ ಬಂದಿದ್ದ ಒಬ್ಬರು ಹಾಗೆ ಕಳೆದಿದ್ದಾರೆ.

ಇನ್ನೊಂದು ನೆನಪಾಯಿತು. ಇಡೀ ಮೀನು ತರಿಸಿದಾಗ ಮೇಲಿನ ಭಾಗ ಮುಗಿದ ಮೇಲೆ ಮಗುಚಿ ಹಾಕಬೇಡಿ. ಮೀನು ಮಗುಚಿದರೆ ದೋಣಿ ಮಗುಚಿದ ಹಾಗೆ ಅಂತ ಬೆಸ್ತರ ನಂಬಿಕೆ. ನಾನು ಗೊತ್ತಿಲ್ಲದೆ ಮಗುಚಲು ಹೋದಾಗ ಪಕ್ಕದಲ್ಲಿದ್ದ ಮುದುಕರೊಬ್ಬರು ಏನೂ ಹೇಳದೆ ಚಾಪ್‌ಸ್ಟಿಕ್‌ನಿಂದ ಮೀನನ್ನು ಮೆಲ್ಲಗೆ ಒತ್ತಿ ಹಿಡಿದರು. ಆಮೇಲೆ ಬಾಲದ ಕಡೆಯಿಂದ ನಡುಮುಳ್ಳನ್ನು ಇಡಿಯಾಗಿ ಎತ್ತಿ ಪಕ್ಕಕ್ಕಿಟ್ಟು, ಕೆಳಗಿನ ಅರ್ಧವನ್ನು ನನ್ನ ತಟ್ಟೆಗೆ ಹಾಕಿದರು.

ಸೊಪ್ಪುಸಾರು

ಚಹಾದ ಮೇಜಿನದು ನಾನೂ ಸ್ವಲ್ಪ ಸೇರಿಸುತ್ತೇನೆ. ಗುವಾಂಗ್‌ಝೌನಲ್ಲಿ ಕೂತ ತಕ್ಷಣ ಯಾವ ಚಹಾ ಅಂತ ಕೇಳುತ್ತಾರೆ, ತಲೆಗೆ ಇಷ್ಟು ಅಂತ ಅದಕ್ಕೆ ಬೇರೆ ದುಡ್ಡು, ಬಿಲ್ಲಿನಲ್ಲಿ ನೋಡಿ ಗಾಬರಿಯಾಗಬೇಡಿ. ಮೊದಲ ಸುತ್ತಿನ ಚಹಾವನ್ನು ಬಟ್ಟಲು, ಚಾಪ್‌ಸ್ಟಿಕ್ ತೊಳೆಯಲು ಸುರಿಯುತ್ತಾರೆ, ಕುಡಿದುಬಿಡಬೇಡಿ. ಬಿಸಿನೀರು ಮತ್ತೆ ಬೇಕಾದರೆ ಕೂಗಬೇಕಿಲ್ಲ, ಕೆಟಲ್ ಮುಚ್ಚಳವನ್ನು ಓರೆಯಾಗಿಟ್ಟರೆ ಬಂದು ತುಂಬುತ್ತಾರೆ. ಯಾರಾದರೂ ನಿಮ್ಮ ಲೋಟಕ್ಕೆ ಚಹಾ ಹಾಕಿದರೆ ಎರಡು ಬೆರಳಿನಿಂದ ಮೇಜನ್ನು ತಟ್ಟಿ, ಅದೇ ಥ್ಯಾಂಕ್ಸ್.

ಶಿಯಾಮೆನ್‌ನಲ್ಲಿ ಅಮ್ಮನಿಗೆ ಕಡಲೆಕಾಯಿ ಪಾಯಸ ಕೊಡಿಸಿ, ಹುವಾಷಂಗ್ ಥಾಂಗ್. ಕಡಲೆಕಾಯಿ ಬೀಜ ಬಾಯಲ್ಲಿ ಕರಗುವವರೆಗೆ ಬೇಯಿಸಿ ಸಕ್ಕರೆ ಹಾಕಿರುತ್ತಾರೆ, ಅಷ್ಟೇ. ಕೆಲವರು ಮೇಲೆ ಮೊಟ್ಟೆ ಒಡೆದು ಹಾಕುತ್ತಾರೆ, ಬು ಯಾವ್ ದಾನ್ ಅನ್ನಿ. ಚುವಾನ್‌ಝೌನಲ್ಲಿ ಶ್ ಹುವಾ ಗಾವ್, ಕಡಲಪಾಚಿಯ ತಣ್ಣನೆ ಜೆಲ್ಲಿ, ಜೇನುತುಪ್ಪ ಹಾಕಿ ಕೊಡುತ್ತಾರೆ. ತಿಂದು ಅಲ್ಲಿನ ಕೈಯುವಾನ್ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ. ಮುಖ್ಯ ಮಂದಿರದ ಹಿಂಭಾಗದ ಎರಡು ಕಂಬಗಳಲ್ಲಿ ಕೃಷ್ಣನ ಕೆತ್ತನೆ ಇದೆ. ತಮಿಳು ವರ್ತಕರು 13ನೇ ಶತಮಾನದಲ್ಲಿ ಆ ಊರಿನಲ್ಲಿ ಕಟ್ಟಿಸಿದ್ದ ದೇವಾಲಯದ ಕಂಬಗಳವು.

ಅಲೆಮಾರಿ88

ಎಲ್ಲರಿಗೂ ಥ್ಯಾಂಕ್ಸ್. ಶಾಂತೌಗೆ ಒಂದು ರಾತ್ರಿ ಅಂದುಕೊಂಡಿದ್ದೆ, ಎರಡು ಮಾಡಿದೆ. ಹಸಿ ಏಡಿ ವಿಷಯದಲ್ಲಿ ಮನೆಯಲ್ಲಿ ಮತಕ್ಕೆ ಹಾಕಿದೆವು, 2-1ರಲ್ಲಿ ನಾನು ಸೋತೆ.

ಅಮ್ಮನದು ಕೊನೆಯ ಪ್ರಶ್ನೆ, ಮೂರು ದಿನದಿಂದ ಕೇಳುತ್ತಿದ್ದಾರೆ: ಅಲ್ಲಿ ಮೊಸರು ಸಿಗುತ್ತದಾ? ಇಲ್ಲಿಂದ ಹೆಪ್ಪಿಗೆ ಸ್ವಲ್ಪ ತೆಗೆದುಕೊಂಡು ಹೋಗಬಹುದಾ?

ಸೊಪ್ಪುಸಾರು

ಹೆಪ್ಪು ಬೇಡ. ಹಾಲು, ಮೊಸರು, ಬೆಣ್ಣೆ, ಹಸಿ ಹಣ್ಣು, ತರಕಾರಿ ಯಾವುದನ್ನೂ ಬ್ಯಾಗಿನಲ್ಲಿ ಒಳಗೆ ಬಿಡುವುದಿಲ್ಲ, ಏರ್‌ಪೋರ್ಟಿನಲ್ಲೇ ತೆಗೆದಿಡುತ್ತಾರೆ. ನಾನು ಚಟ್ನಿಪುಡಿ ಒಯ್ದಿದ್ದೆ, ಯಾರೂ ಏನೂ ಕೇಳಲಿಲ್ಲ.

ಮೊಸರು ಪ್ರತಿ ಅಂಗಡಿಯಲ್ಲೂ ಇದೆ, ಸ್ವಾನ್ ನಾಯ್ ಅಂತ ಕೇಳಿ. ಆದರೆ ಬಹುಪಾಲು ಸಿಹಿ. ಮೊದಲ ದಿನ ನಾನು ಅನ್ನಕ್ಕೆ ಸುರಿದುಕೊಂಡು ಉಪ್ಪು ಹಾಕಿ ಕಲಸಿದ ಮೇಲೆ ಗೊತ್ತಾಯಿತು, ಅದು ವೆನಿಲಾ. ಡಬ್ಬಿಯ ಮೇಲೆ ವು ಥಾಂಗ್, ಅಂದರೆ ಸಕ್ಕರೆ ಇಲ್ಲ, ಅಂತ ಇರುವುದನ್ನು ಹುಡುಕಿ. ಆ ಎರಡು ಅಕ್ಷರವನ್ನೂ ಅಮ್ಮನ ಕಾಗದದಲ್ಲಿ ಬರೆಸಿಬಿಡಿ.